ಬೋಲ್ಟು ಬೆಟ್ಟ ಇಳಿದದ್ದು

ನಾವು ಬೆಟ್ಟ ಹತ್ತುವ ಯೋಜನೆ ಹಾಕಿದ್ದು ಮೆಷಿನ್ ರೂಮಿನ ಗೋಡೆಯ ಮೇಲೆ, ಸೀಮೆಸುಣ್ಣದಲ್ಲಿ.

ಮೆಷಿನ್ ರೂಮು ಇರುವುದು ಹದಿನೆಂಟು ಮಹಡಿಯ ಕಟ್ಟಡದ ನೆತ್ತಿಯ ಮೇಲೆ, ನೀರಿನ ಟ್ಯಾಂಕುಗಳ ಪಕ್ಕ. ಕಬ್ಬಿಣದ ಬಾಗಿಲು, ಒಳಗೆ ಲಿಫ್ಟಿನ ಮೋಟಾರು, ಎದೆಯೆತ್ತರದ ಗಾಲಿ, ಆ ಗಾಲಿಯ ಮೇಲೆ ಹಾದು ನೆಲದ ಕಂಡಿಯಲ್ಲಿ ಇಳಿದು ಕತ್ತಲಲ್ಲಿ ಮಾಯವಾಗುವ ಉಕ್ಕಿನ ಹಗ್ಗಗಳು. ಇರುವುದು ಒಂದೇ ಕಿಟಕಿ. ಅದಕ್ಕೆ ಗಾಜಿಲ್ಲ, ಬರೀ ಜಾಲರಿ. ಆಕಾಶ ತಿಳಿಯಾಗಿರುವ ದಿನ, ಊರೆಲ್ಲ ಮುಗಿದ ಮೇಲೆ, ಆ ಜಾಲರಿಯ ಆಚೆ ಬೆಟ್ಟ ಕಾಣುತ್ತದೆ. ಯಾರೋ ನೀಲಿ ಪೆನ್ಸಿಲಿನಲ್ಲಿ ಗೆರೆ ಎಳೆಯಲು ಹೋಗಿ ಅರ್ಧಕ್ಕೇ ಎದ್ದುಹೋದ ಹಾಗೆ.

ಭಾವ ಲಿಫ್ಟ್ ಮೆಕ್ಯಾನಿಕ್. ನಾನೂ ಅದೇ. ಅವನು ಅಕ್ಕನನ್ನು ಮದುವೆಯಾದದ್ದು ಪುಕ್ಕಟೆ ಅಸಿಸ್ಟೆಂಟಿನ ಆಸೆಗೆ ಎಂದು ಅಕ್ಕ ಈಗಲೂ ಅನ್ನುತ್ತಾಳೆ. ಅಕ್ಕನಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ದಿನವಿಡೀ ಬಿಳಿ ಹಾಸಿಗೆಬಟ್ಟೆ ಒಗೆಸಿ, ಒಣಗಿಸಿ, ಮಡಿಸಿ ಇಡುತ್ತಾಳೆ. ಅಲ್ಲಿನ ಬಾಯ್ಲರಿನ ಹಿಂದೆ ಬೆಚ್ಚಗೆ ಮಲಗಿದ್ದ ನಾಯಿಮರಿ ಒಂದು ದಿನ ಅವಳ ಹಿಂದೆ ಮನೆಗೆ ಬಂತು. ಹೆಣ್ಣುಮರಿ, ಒದ್ದೆ ರಟ್ಟಿನ ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತು. ಹೆಸರಿಡುವ ಮೊದಲೇ ಅದರ ಹಿಂದಿನ ಕಾಲಿನ ಮೇಲೆ ಸ್ಕೂಟರೊಂದು ಹತ್ತಿತು.

ಪ್ರಾಣಿಗಳ ಡಾಕ್ಟರಮ್ಮ ತೊಡೆಯ ಮೂಳೆಗೆ ಉಕ್ಕಿನ ಪಟ್ಟಿ ಕೂರಿಸಿ ಸ್ಕ್ರೂ ಹಾಕಿದರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಭಾವ ತುಂಬ ಹೊತ್ತು ನೋಡಿದ.

"ಫಿಟ್ಟಿಂಗ್ ಚೆನ್ನಾಗಿದೆ," ಅಂದ. "ನಮ್ಮ ಕಂಪನಿಯೋರೇ ಇಷ್ಟು ನೇರ ಹೊಡೆಯಲ್ಲ."

ಹೆಸರು ಅಲ್ಲೇ ಬಿತ್ತು. ಬೋಲ್ಟು.

ಡಾಕ್ಟರಮ್ಮನದು ನೇರ ಮಾತು. "ತೊಡೆಯ ಸ್ನಾಯು ಸೊರಗಿಹೋಗಿದೆ. ದಿನಾ ಮೆಟ್ಟಿಲು ಹತ್ತಿಸಿ, ಸ್ವಲ್ಪ ಸ್ವಲ್ಪವಾಗಿ. ಇಳಿಸಬೇಡಿ. ಇಳಿಯುವಾಗ ಜಾರಿದರೆ ಪಟ್ಟಿ ಕಿತ್ತುಬರುತ್ತೆ. ಆ ಕಾಲು ಇನ್ನೊಂದು ಸಲ ಮುರಿದ್ರೆ ಸ್ಕ್ರೂ ಹಿಡಿಯೋಕೆ ಅಲ್ಲಿ ಮೂಳೆನೇ ಉಳಿದಿಲ್ಲ. ಕಾಲೇ ತೆಗೀಬೇಕು."

ಹತ್ತಿಸಿ, ಇಳಿಸಬೇಡಿ. ಈ ಮಾತನ್ನು ಲಿಫ್ಟಿನವರಿಗಿಂತ ಚೆನ್ನಾಗಿ ಯಾರು ಪಾಲಿಸುತ್ತಾರೆ? ಕೆಲಸಕ್ಕೆ ಹೋಗುವಾಗ ಬೋಲ್ಟುವನ್ನೂ ಕರೆದೊಯ್ದೆವು. ನಾನು ಅವಳ ಜೊತೆ ಮೆಟ್ಟಿಲಲ್ಲಿ, ಭಾವ ಲಿಫ್ಟಿನಲ್ಲಿ. ಮೊದಮೊದಲು ಎರಡು ಮಹಡಿಗೇ ಅವಳ ನಾಲಿಗೆ ಮೊಣಕಾಲಿಗೆ ಬರುತ್ತಿತ್ತು. ಆಮೇಲೆ ಐದಾಯಿತು, ಹತ್ತಾಯಿತು. ಕೊನೆಗೆ ಹದಿನೆಂಟೂ ಹತ್ತಿ ನನಗಾಗಿ ಕಾಯತೊಡಗಿದಳು. ಮೇಲೆ ಮುಟ್ಟಿದವಳೇ ಲಿಫ್ಟಿನ ಮುಚ್ಚಿದ ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದಳು. ಬಾಗಿಲು ತೆರೆದರೆ ಒಳಗೆ ಹೋಗಿ, ತಿರುಗಿ, ಮತ್ತೆ ಕೂರುವುದು. ಕೆಳಗೆ ಬಾಗಿಲು ತೆರೆದಾಗ ಏನೂ ಆಗದವಳ ಹಾಗೆ ಎದ್ದು ಹೊರಗೆ ನಡೆಯುವುದು.

ಒಂಬತ್ತನೇ ಮಹಡಿಯ ಅಜ್ಜಿಯೊಬ್ಬರು ಒಂದು ದಿನ ನನ್ನನ್ನು ತಡೆದು ಕೇಳಿದರು. "ಅಲ್ಲಪ್ಪಾ, ಮೆಟ್ಟಿಲಲ್ಲಿ ಹೋಗೋ ನಾಯಿ ಬೇರೆ, ಲಿಫ್ಟಲ್ಲಿ ಬರೋ ನಾಯಿ ಬೇರೆನಾ?"

"ಒಂದೇ, ಅಜ್ಜಿ."

"ಮತ್ತೆ ಇದು ಇಳಿಯೋದನ್ನ ನಾನು ನೋಡೇ ಇಲ್ಲ."

ನಾನು ನಕ್ಕು ಮುಂದೆ ಹೋದೆ.

ಕೊನೆಯ ಎಕ್ಸ್‌ರೇ ನೋಡಿದ ಡಾಕ್ಟರಮ್ಮ, ಈ ಕಾಲಿಗೂ ಉಳಿದ ಮೂರಕ್ಕೂ ವ್ಯತ್ಯಾಸವೇ ಇಲ್ಲ ಎಂದರು. ಆ ಸಂಜೆ ಬೆಟ್ಟದ ಮಾತೆತ್ತಿದ್ದು ಅಕ್ಕ. "ದಿನಾ ಆ ಸಿಮೆಂಟ್ ಡಬ್ಬಿ ಹತ್ತಿಸ್ತೀರಲ್ಲ, ಒಂದು ದಿನ ನಿಜವಾದ್ದನ್ನ ಹತ್ತಿಸಿ. ನಾನೂ ಬರ್ತೀನಿ. ನಂಗೂ ಬಿಳಿ ಬಟ್ಟೆ ಬಿಟ್ಟು ಬೇರೆ ಏನಾದ್ರೂ ನೋಡ್ಬೇಕು."

ಭಾವನಿಗೆ ಕೆಲಸ ಸಿಕ್ಕಿತು. ಅವನಿಗೆ ಯಾವುದನ್ನೂ ಸುಮ್ಮನೆ ಮಾಡಿ ಗೊತ್ತಿಲ್ಲ. ಮೆಷಿನ್ ರೂಮಿನ ಗೋಡೆ ಒರೆಸಿ ಅದರ ಮೇಲೆ ಬೆಟ್ಟ ಬರೆದ. ಅದನ್ನು ಮಹಡಿಗಳಾಗಿ ಭಾಗ ಮಾಡಿದ. ಇಲ್ಲಿ ನೀರು ಕುಡಿಸಬೇಕು, ಇಲ್ಲಿ ಮರದ ನೆರಳು ಮುಗಿಯುತ್ತೆ, ಇಲ್ಲಿಂದ ಬರೀ ಬಂಡೆ. ಬಿಸಿಲು ಮೊದಲು ಪೂರ್ವದ ಮೈಗೆ ಬೀಳುತ್ತೆ, ಆದ್ದರಿಂದ ಪಶ್ಚಿಮದ ದಾರಿಯಲ್ಲಿ ಹೋಗಬೇಕು, ಇಲ್ಲದಿದ್ದರೆ ನಾಯಿಯ ಅಂಗಾಲು ಸುಡುತ್ತೆ. ಅಲ್ಲಲ್ಲಿ ಕಲ್ಲಿನ ಮೇಲೆ ನಮ್ಮ ಅಂಗೈ ಒತ್ತಿ ನೋಡಬೇಕು. ನಮಗೆ ತಡೆಯಲಾಗದಿದ್ದರೆ ಅವಳಿಗೂ ಆಗಲ್ಲ. ಎಲ್ಲಾದರೂ ಸ್ವಲ್ಪ ಕುಂಟಿದರೆ ಮಾತಿಲ್ಲದೆ ವಾಪಸ್.

ಅಕ್ಕ ಟಾರ್ಪಾಲಿನ ತುಂಡಿನಲ್ಲಿ ನಾಲ್ಕು ಬೂಟು ಹೊಲಿದಳು. ಬೋಲ್ಟು ಅವನ್ನು ಹಾಕಿಕೊಂಡು ಅಂಟಿನಲ್ಲಿ ಸಿಕ್ಕಿಬಿದ್ದವಳ ಹಾಗೆ ಒಂದೊಂದೇ ಕಾಲು ಎತ್ತಿ ನಡೆದಳು. ನಾವು ಬಿದ್ದು ಬಿದ್ದು ನಕ್ಕೆವು. ಆಮೇಲೆ ಅವಳು ಒಂದು ಬೂಟನ್ನು ಕಚ್ಚಿ ಹರಿದು ಉಳಿದವನ್ನು ನನ್ನ ಹಾಸಿಗೆಯ ಮೇಲೆ ತಂದಿಟ್ಟಳು. ನಮ್ಮ ಸೇಫ್ಟಿ ಬೆಲ್ಟಿನ ಹಳೆಯ ಪಟ್ಟಿಯಿಂದ ಅಕ್ಕ ಹೊಲಿದ ಎದೆಪಟ್ಟಿ ಮಾತ್ರ ಚೆನ್ನಾಗಿ ಕೂತಿತು. ಬೆನ್ನ ಮೇಲೆ ಹಿಡಿಕೆ, ಅದಕ್ಕೊಂದು ಹಗ್ಗ.

ಗೋಡೆಯ ಬಲಮೂಲೆಯಲ್ಲಿ ಭಾವ ಕೊನೆಯ ಸಾಲು ಬರೆದ: ಇಳಿಯುವುದು, ಅದೇ ದಾರಿ. ಪಕ್ಕದಲ್ಲಿ ಸರಿ ಗುರುತು ಹಾಕಿದ. ನಾವು ಮೂವರೂ ಆ ಗೋಡೆಯನ್ನು ಎಷ್ಟೋ ಸಲ ನೋಡಿದೆವು. ಯಾರಿಗೂ ಏನೂ ಹೊಳೆಯಲಿಲ್ಲ.

*

ಬಿಡಿಭಾಗ ಸಾಗಿಸುವ ವ್ಯಾನಿನಲ್ಲಿ ಹೊರಟು ಬೆಳಕು ಹರಿಯುವ ಹೊತ್ತಿಗೆ ಬೆಟ್ಟದ ಬುಡಕ್ಕೆ ಬಂದೆವು. ನಾನು ಇಳಿದು ತಲೆ ಎತ್ತಿದವನು ಎತ್ತುತ್ತಲೇ ಹೋದೆ. ಜಾಲರಿಯ ಆಚೆ ಗೆರೆಯಾಗಿದ್ದದ್ದು ಇಲ್ಲಿ ಅರ್ಧ ಆಕಾಶ ನುಂಗಿ ನಿಂತಿತ್ತು. ಅದರ ತುದಿಗೆ ಮಾತ್ರ ಬಿಸಿಲು ಬಿದ್ದಿತ್ತು. ನಮ್ಮ ಸುತ್ತ ಇನ್ನೂ ನೀಲಿ ನೆರಳು. ಒಂದೇ ಕಲ್ಲಿಗೆ ಹಗಲೂ ನಸುಕೂ ಒಟ್ಟಿಗೆ ಇರಬಹುದೆಂದು ನನಗೆ ಗೊತ್ತಿರಲಿಲ್ಲ.

ಭಾವ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಎಷ್ಟು ಮಹಡಿ ಅಂತ ಬರೆದಿದ್ವೋ?"

"ಈಗ ಅದನ್ನ ಕೇಳ್ಬೇಡಿ," ಅಂದಳು ಅಕ್ಕ.

ಗೇಟಿನ ಕಾವಲುಗಾರ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಕೂತಿದ್ದ. ನಾಯಿಯನ್ನೂ ಹಗ್ಗವನ್ನೂ ನೋಡಿದ. "ಹಗ್ಗ ಬಿಡಬಾರ್ದು. ಮಧ್ಯಾಹ್ನಕ್ಕೆ ಮೋಡ ಏರುತ್ತೆ, ಅಷ್ಟರಲ್ಲಿ ಕೆಳಗಿರಿ. ಮೇಲ್ಗಡೆ ಕಲ್ಲಿನ ಮೆಟ್ಟಿಲಿದೆ, ಸರಪಳಿ ಇದೆ. ಒದ್ದೆಯಾದ್ರೆ ಅಲ್ಲಿ ಹಲ್ಲೀನೂ ಜಾರುತ್ತೆ. ನಾನಂತೂ ಯಾರನ್ನೂ ಎತ್ಕೊಂಡು ಬರೋಕೆ ಮೇಲೆ ಬರಲ್ಲ."

"ನಮ್ಮ ನಾಯಿ ಹದಿನೆಂಟು ಮಹಡಿ ಹತ್ತುತ್ತೆ," ಅಂದ ಭಾವ.

"ಹತ್ತಲಿ. ನಾನು ಹೇಳಿದ್ದು ಬರೋದರ ಬಗ್ಗೆ."

ಮೊದಲು ಹುಲ್ಲಿನ ಏರು. ಬೋಲ್ಟು ಮೂಗನ್ನು ನೆಲಕ್ಕೆ ಹಚ್ಚಿ ನಡೆದಳು. ಆಮೇಲೆ ಮರ ಮುಗಿದು ಬಂಡೆ ಬಂತು, ಬಂಡೆಯಲ್ಲಿ ಕಡಿದ ಮೆಟ್ಟಿಲು. ಯಾರು ಯಾವ ಕಾಲದಲ್ಲಿ ಕಡಿದರೋ, ಒಂದೊಂದೂ ಮೊಣಕಾಲೆತ್ತರ, ಅಂಚು ಸವೆದು ದುಂಡಗಾಗಿತ್ತು. ಒಂದು ಪಕ್ಕದಲ್ಲಿ ಸರಪಳಿ. ಇನ್ನೊಂದು ಪಕ್ಕದಲ್ಲಿ ಏನೂ ಇಲ್ಲ. ಮೆಟ್ಟಿಲು ಕಂಡದ್ದೇ ಬೋಲ್ಟುವಿನ ನಡಿಗೆ ಬದಲಾಯಿತು. ಇದು ಅವಳಿಗೆ ಗೊತ್ತಿರುವ ಕೆಲಸ. ಮುಂಗಾಲು ಇಟ್ಟು, ಹಿಂಗಾಲಲ್ಲಿ ಒದ್ದು, ಒಂದೇ ಲಯದಲ್ಲಿ ಹೋದಳು. ಪಟ್ಟಿ ಹಾಕಿದ ಆ ತೊಡೆ ಪ್ರತಿ ಮೆಟ್ಟಿಲಿಗೂ ಗಂಟು ಕಟ್ಟಿ ಬಿಚ್ಚಿಕೊಳ್ಳುತ್ತಿತ್ತು. ಹಗ್ಗ ಹಿಡಿದ ಅಕ್ಕ ಅವಳ ಹಿಂದೆ ಏದುಸಿರು ಬಿಡುತ್ತ, "ನಾನು ಇವಳನ್ನ ಹತ್ತಿಸ್ತಿದ್ದೀನಾ, ಇವಳು ನನ್ನನ್ನಾ?" ಅಂದಳು.

ಕೊನೆಯ ಮೆಟ್ಟಿಲು ಮುಗಿದಾಗ ಗಾಳಿ ಬಂದು ಮುಖಕ್ಕೆ ಅಪ್ಪಳಿಸಿತು. ಮೇಲೆ ಅಂಗಳದಷ್ಟು ಅಗಲದ ಚಪ್ಪಟೆ ಬಂಡೆ. ಅದರಾಚೆ ಭೂಮಿ ಇರಲಿಲ್ಲ. ಅಂದರೆ ಇತ್ತು, ಆದರೆ ಅದು ನಮಗೆ ಸಂಬಂಧವೇ ಇಲ್ಲದಷ್ಟು ಕೆಳಗಿತ್ತು. ಹೊಲ, ಕೆರೆ, ದಾರಿ ಎಲ್ಲ ಅಕ್ಕ ಮಡಿಸಿಟ್ಟ ಬಟ್ಟೆಗಳ ಹಾಗೆ ಒಂದರ ಪಕ್ಕ ಒಂದು. ಅವುಗಳ ಮೇಲೆ ಮೋಡದ ನೆರಳು ಯಾವ ಬೇಲಿಯನ್ನೂ ಲೆಕ್ಕಿಸದೆ ಹಾದುಹೋಗುತ್ತಿತ್ತು. ಒಂದು ಹದ್ದು ಹಾರುತ್ತಿತ್ತು. ಅದರ ಬೆನ್ನು ಕಂಡಿತು. ಹದ್ದಿಗೆ ಬೆನ್ನಿದೆ ಎನ್ನುವುದು ಅಲ್ಲಿಯವರೆಗೆ ನನ್ನ ತಲೆಗೆ ಬಂದಿರಲೇ ಇಲ್ಲ. ನಮ್ಮ ಊರು ಎಲ್ಲಿ ಎಂದು ಹುಡುಕಿದೆ. ದೂರದಲ್ಲಿ ಬೂದಿ ಚೆಲ್ಲಿದ ಹಾಗೊಂದು ಕಲೆ. ಅದರಲ್ಲಿ ಹದಿನೆಂಟು ಮಹಡಿ ಎಲ್ಲಿ, ನಮ್ಮ ಮೆಷಿನ್ ರೂಮು ಎಲ್ಲಿ, ಯಾವುದೂ ಗೊತ್ತಾಗಲಿಲ್ಲ.

ಭಾವ ಅಂಚಿನ ಹತ್ತಿರ ಹೊಟ್ಟೆಯ ಮೇಲೆ ಮಲಗಿ ಕೆಳಗೆ ಇಣುಕಿದ. ಲಿಫ್ಟು ಓಡಾಡುವ ಬಾವಿಯೊಳಗೆ ಅವನು ಇಣುಕುವುದೂ ಹೀಗೆಯೇ. ಎಷ್ಟು ವರ್ಷ ಅವನು ಎತ್ತರವನ್ನು ಹಾಗೆ ಕತ್ತಲಲ್ಲಿ, ನಾಲ್ಕು ಗೋಡೆಯ ನಡುವೆ, ಕೈಯಲ್ಲಿ ಬ್ಯಾಟರಿ ಹಿಡಿದು ನೋಡಿದ್ದನೋ.

"ಇದಕ್ಕೆ ಗೋಡೆನೇ ಇಲ್ವಲ್ಲೋ," ಅಂದ. ಅವನ ದನಿ ತೀರ ಸಣ್ಣದಾಗಿತ್ತು. "ಹಗ್ಗ ಇಲ್ಲ, ಕಂಬಿ ಇಲ್ಲ. ಸುಮ್ನೆ ನಿಂತಿದೆ."

ಅಕ್ಕ ಸೆರಗು ಗಾಳಿಗೆ ಹಾರುತ್ತಿದ್ದರೂ ಹಿಡಿಯದೆ ನಿಂತಿದ್ದಳು. ಬೇಯಿಸಿದ ಮೊಟ್ಟೆ, ಬ್ರೆಡ್ಡು ಚೀಲದಲ್ಲೇ ಉಳಿದವು. ಎಷ್ಟು ಹೊತ್ತು ಹಾಗಿದ್ದೆವೋ ತಿಳಿಯದು. ಹೊರಡೋಣ ಎಂದು ನಾನೇ ಹೇಳಬೇಕಾಯಿತು. ಹೇಳಿ ತಿರುಗಿದರೆ ಬೋಲ್ಟು ಪಕ್ಕದಲ್ಲಿಲ್ಲ.

ಹಗ್ಗ ಎಳೆದುಕೊಂಡು ಅವಳು ಬಂಡೆಯ ಹಿಂಬದಿಗೆ ಹೋಗಿದ್ದಳು. ಅಲ್ಲಿ ಆಳೆತ್ತರದ ಎರಡು ಕಲ್ಲು ಒತ್ತಿಕೊಂಡು ನಿಂತಿದ್ದವು. ನಡುವೆ ಮೇಲಿನಿಂದ ಕೆಳಗಿನವರೆಗೆ ನೇರವಾದ ಒಂದು ಸಂದು. ಬೋಲ್ಟು ಆ ಸಂದಿಗೆ ಮುಖ ಮಾಡಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ನಮ್ಮನ್ನು ಕಂಡು ಬಾಲದಿಂದ ಕಲ್ಲನ್ನು ಎರಡು ಸಲ ಬಡಿದು ಮತ್ತೆ ಮುಂದೆ ನೋಡಿದಳು.

ಮೊದಲು ಅರ್ಥವಾದದ್ದು ಭಾವನಿಗೆ. ಹೊಟ್ಟೆ ಹಿಡಿದುಕೊಂಡು ನಕ್ಕ. "ಲಿಫ್ಟ್‌ಗೆ ಕಾಯ್ತಿದ್ದಾಳೆ ಕಣೋ. ಬಟನ್ ಒತ್ತು ಹೋಗು."

ನಾನೂ ನಕ್ಕೆ. ನಗುತ್ತಿದ್ದವನಿಗೆ ಮೈ ಜುಮ್ಮೆಂದಿತು. ಈ ಜಾಗಕ್ಕೆ ಅವಳು ಹುಟ್ಟಿದಾಗಿನಿಂದ ಬಂದವಳಲ್ಲ. ಸುತ್ತ ಬರೀ ಆಕಾಶ. ಆದರೂ ಬಾಗಿಲು ತೆರೆಯುತ್ತದೆ ಎನ್ನುವುದರಲ್ಲಿ ಅವಳಿಗೆ ಕೂದಲೆಳೆಯಷ್ಟೂ ಅನುಮಾನವಿರಲಿಲ್ಲ. ಮನುಷ್ಯರು ಅಷ್ಟು ಖಾತ್ರಿಯಿಂದ ಯಾವುದಕ್ಕಾದರೂ ಕಾದದ್ದನ್ನು ನಾನು ನೋಡಿಲ್ಲ.

ಅಕ್ಕ ನಗಲಿಲ್ಲ. "ರೀ," ಅಂದಳು. "ಇವಳು ಯಾವತ್ತಾದ್ರೂ ಮೆಟ್ಟಿಲು ಇಳಿದಿದ್ದಾಳಾ?"

ಭಾವ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

"ಡಾಕ್ಟ್ರು ಇಳಿಸಬೇಡಿ ಅಂದಿದ್ರು," ಅಂದೆ.

"ಅದು ಆಗ. ಆಮೇಲೆ?"

ಆಮೇಲೆ ಡಾಕ್ಟರಮ್ಮನನ್ನು ಯಾರೂ ಕೇಳಲಿಲ್ಲ. ನಮ್ಮ ಮನೆ ನೆಲಮಹಡಿ, ಬೀದಿ ಚಪ್ಪಟೆ. ಕೆಲಸದಲ್ಲಿ ಇಳಿಯುವುದು ಎಂದರೆ ಲಿಫ್ಟಿನೊಳಗೆ ನಿಲ್ಲುವುದು. ಬೇರೆ ಯಾರೇ ಆಗಿದ್ದರೂ ಈ ತಪ್ಪು ಮಾಡುತ್ತಿರಲಿಲ್ಲ. ಇದನ್ನು ಮಾಡಲು ಲಿಫ್ಟಿನವರೇ ಆಗಬೇಕಿತ್ತು.

*

ಮೆಟ್ಟಿಲಿನ ತಲೆಗೆ ಕರೆತಂದೆವು. ಬೋಲ್ಟು ಕೆಳಗೆ ನೋಡಿದಳು. ಮೊದಲ ಮೆಟ್ಟಿಲು, ಅದರಾಚೆ ಇನ್ನೊಂದು, ಅದರಾಚೆ ಹೊಲಗಳು. ನಾಲ್ಕೂ ಕಾಲು ಊರಿ ಹಿಂದಕ್ಕೆ ಸರಿದಳು. ನಾನು ಮೂರು ಮೆಟ್ಟಿಲು ಇಳಿದು ಮೊಟ್ಟೆ ತೋರಿಸಿ ಕರೆದೆ. ಅವಳು ಕುಂಯ್‌ಗುಟ್ಟಿ, ಸಂದಿನ ಹತ್ತಿರ ಓಡಿ ಕೂತು, ನನ್ನತ್ತ ತಿರುಗಿ ನೋಡಿದಳು. ಅಲ್ಲಲ್ಲ, ಇಲ್ಲಿ ಬಾ, ಎನ್ನುವ ಹಾಗೆ.

"ಎತ್ಕೊಳ್ತೀನಿ," ಅಂದ ಭಾವ. ಎತ್ತಿದ. ಅರ್ಧ ಮೂಟೆ ಸಿಮೆಂಟಿನ ತೂಕ. ಸರಪಳಿಗೆ ಒಂದು ಕೈ ಬೇಕು, ಅವಳಿಗೆ ಎರಡು. ಎರಡನೇ ಮೆಟ್ಟಿಲಿಗೇ ಅವಳು ಒದ್ದಾಡಿದಳು. ಹಿಂದಿನ ಕಾಲು ಗಾಳಿಯಲ್ಲಿ ಒದೆಯಿತು. ಭಾವನ ಬೂಟು ದುಂಡಗಿನ ಅಂಚಿನ ಮೇಲೆ ಜಾರಿತು. ಅವನು ಕುಕ್ಕರಿಸಿ ಬಿದ್ದ. ಬೋಲ್ಟು ಅವನ ತೊಡೆಯ ಮೇಲೆ ಬಿದ್ದಳು. ಅಕ್ಕ ಎದೆಪಟ್ಟಿಯ ಹಿಡಿಕೆಗೆ ಜೋತುಬಿದ್ದು ಹಿಡಿದಿದ್ದರಿಂದ ಇಬ್ಬರೂ ಅಲ್ಲೇ ನಿಂತರು.

ಮೇಲೆ ಬಂದ ಮೇಲೆ ಅಕ್ಕ ಬೋಲ್ಟುವಿನ ತೊಡೆ ಒತ್ತಿ ನೋಡಿದಳು. ಮೂಳೆಯ ಉದ್ದಕ್ಕೂ, ಎರಡು ಬೆರಳಲ್ಲಿ. ಬೋಲ್ಟು ಅವಳ ಗಲ್ಲ ನೆಕ್ಕಿದಳು.

"ಸರಿ ಇದೆ," ಅಂದಳು ಅಕ್ಕ. "ಇನ್ನೊಂದ್ಸಲ ಎತ್ತೋದು ಬೇಡ. ನೀವಿಬ್ರೂ ಹೋಗಿ ಯಾರನ್ನಾದ್ರೂ ಕರ್ಕೊಂಡು ಬನ್ನಿ. ನಾನು ಇವಳ ಜೊತೆ ಇರ್ತೀನಿ."

"ಯಾರನ್ನ ಕರೆಯೋದು? ಆ ಸೀಟಿಯೋನ್ನಾ? ಅವನು ಮೊದಲೇ ಹೇಳಿದಾನೆ." ಭಾವ ಕೆಳಗೆ ನೋಡಿದ. ಹೊಲಗಳ ಮೇಲೆ ದೂರದಲ್ಲಿದ್ದ ಬಿಳಿ ಈಗ ಬೆಟ್ಟದ ಪಾದಕ್ಕೆ ಬಂದು ಮೆಲ್ಲಗೆ ಏರುತ್ತಿತ್ತು. ಹಾಲು ಉಕ್ಕುವ ಹಾಗೆ, ಆದರೆ ಸದ್ದಿಲ್ಲದೆ. ನೋಡಲು ಅಷ್ಟು ಚೆಂದದ ವಸ್ತುವಿಗೆ ನಾನು ಅಷ್ಟು ಹೆದರಿದ್ದು ಅದೇ ಮೊದಲು.

"ಇವಳಿಗೆ ಭಯ ಅಲ್ಲ," ಅಂದಳು ಅಕ್ಕ. "ಇಳಿಯೋದು ಅಂತ ಒಂದಿದೆ ಅಂತಲೇ ಇವಳಿಗೆ ಗೊತ್ತಿಲ್ಲ. ಮೇಲೆ ಹತ್ತೋದು, ಡಬ್ಬಿಯೊಳಗೆ ಕೂರೋದು, ಬಾಗಿಲು ತೆಗೆದ್ರೆ ಕೆಳಗಿನ ಪ್ರಪಂಚ ತಾನಾಗೇ ಮೇಲೆ ಬಂದಿರುತ್ತೆ. ಇವಳ ಲೆಕ್ಕ ಅಷ್ಟೇ."

ಭಾವ ಗಡ್ಡ ಕೆರೆದುಕೊಂಡ. "ಹಾಗಾದ್ರೆ ಕಲಿಸ್ಬೇಕು."

"ಈಗ?"

"ಮತ್ತೆ ಯಾವಾಗ? ಇವಳ ಮದುವೆ ಆದ್ಮೇಲಾ?"

ಬಂಡೆಯ ಮೇಲೇ ಗೇಣೆತ್ತರದ ಒಂದು ಕಲ್ಲಿತ್ತು. ಬೋಲ್ಟುವನ್ನು ಅದರ ಮೇಲೆ ನಿಲ್ಲಿಸಿದೆವು. ಅಷ್ಟಕ್ಕೇ ಅವಳು ಗೊಂಬೆಯ ಹಾಗೆ ಮರಗಟ್ಟಿದಳು. ಮೆಟ್ಟಿಲು ಹತ್ತುವುದರಲ್ಲಿ ನನ್ನನ್ನು ಎಷ್ಟೋ ಹಿಂದೆ ಬಿಟ್ಟಿದ್ದ ನಾಯಿ ಗೇಣೆತ್ತರದ ಕಲ್ಲಿನ ಮೇಲೆ ನಡುಗುತ್ತಿತ್ತು. ಅಕ್ಕ ಅವಳ ಒಂದು ಮುಂಗಾಲನ್ನು ಹಿಡಿದು ಕೆಳಗಿಟ್ಟಳು. ಬೋಲ್ಟು ವಾಪಸ್ ತೆಗೆದುಕೊಂಡಳು. ಇಟ್ಟಳು, ತೆಗೆದುಕೊಂಡಳು. ಆಗ ಭಾವ ಪಕ್ಕದಲ್ಲಿ ನಾಲ್ಕು ಕಾಲಿನ ಮೇಲೆ ನಿಂತ. ಕಲ್ಲಿನ ಮೇಲಿನಿಂದ ಮೊದಲು ಒಂದು ಅಂಗೈ, ಆಮೇಲೆ ಇನ್ನೊಂದು, ಆಮೇಲೆ ಮೊಣಕಾಲು. ತಲೆಯನ್ನು ತಗ್ಗಿಸಿ, ಅಂಡನ್ನು ಎತ್ತಿ, ಇಳಿದ. ಸುತ್ತಿ ಬಂದು ಮತ್ತೆ ಇಳಿದ. ದೊಡ್ಡ ಮೋಟಾರುಗಳನ್ನು ಬಿಚ್ಚಿ ಜೋಡಿಸುವ ಮನುಷ್ಯ, ಮೋಡಗಳ ಮೇಲೆ, ಅಂಬೆಗಾಲಿಡುತ್ತ ನಾಯಿಗೆ ಪಾಠ ಹೇಳುತ್ತಿದ್ದ. ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಬೋಲ್ಟು ಅವನನ್ನು ಕಣ್ಣು ಮಿಟುಕಿಸದೆ ನೋಡಿದಳು. ತಲೆಯನ್ನು ಒಂದು ಪಕ್ಕ ವಾಲಿಸಿದಳು. ಭಾವ ಇನ್ನೊಮ್ಮೆ ಇಳಿದು ಸುತ್ತಿ ಬರುವಷ್ಟರಲ್ಲಿ ಅವಳ ಬಲಮುಂಗಾಲು ಕೆಳಗೆ ಬಂತು. ಅಲ್ಲೇ ಉಳಿಯಿತು. ಎಡಗಾಲು ಬಂತು. ಹಿಂಭಾಗ ಮೇಲೆ, ಮುಂಭಾಗ ಕೆಳಗೆ, ಅರ್ಧ ದಾರಿಯಲ್ಲಿ ನಿಂತಳು. ಮೂವರೂ ಉಸಿರು ಬಿಗಿಹಿಡಿದೆವು. ಆಮೇಲೆ ಎರಡೂ ಹಿಂಗಾಲು ಒಟ್ಟಿಗೆ ದುಬುಕ್ಕನೆ ಬಿದ್ದವು.

"ಬಂತು," ಅಂದಳು ಅಕ್ಕ, ತನಗೆ ತಾನೇ ಹೇಳಿಕೊಳ್ಳುವ ಹಾಗೆ.

ಗೇಣೆತ್ತರ ಬೇರೆ, ಮೊಣಕಾಲೆತ್ತರ ಬೇರೆ. ಅಲ್ಲಿಂದ ಹಿಂಗಾಲು ಹೀಗೆ ಬಿದ್ದರೆ ಪಟ್ಟಿ ತಡೆಯುತ್ತದೋ ಇಲ್ಲವೋ. ಅದಕ್ಕೆ ಭಾವನೇ ಉಪಾಯ ಹುಡುಕಿದ. ಪ್ರತಿ ಮೆಟ್ಟಿಲಿನ ನಡುವೆ ಇನ್ನೊಂದು ಮೆಟ್ಟಿಲು ಬೇಕು, ಅದು ತಾನೇ ಆಗುತ್ತೇನೆ ಎಂದ. ಕೆಳಗಿನ ಮೆಟ್ಟಿಲಿನ ಮೇಲೆ ಬಗ್ಗಿ ಕೂತು, ಮುಖವನ್ನು ಬಂಡೆಗೆ ಒತ್ತಿ, ಸರಪಳಿ ಹಿಡಿದು ಬೆನ್ನು ಕೊಟ್ಟ. ಅಕ್ಕ ಮೇಲೆ ನಿಂತು ಎದೆಪಟ್ಟಿಯ ಹಿಡಿಕೆ ಹಿಡಿದಳು. ನಾನು ಭಾವನಿಗಿಂತ ಕೆಳಗೆ, ಬಯಲಿನ ಕಡೆಗೆ, ಎರಡೂ ತೋಳು ಚಾಚಿ ನಿಂತೆ. ಬೋಲ್ಟು ಬಿದ್ದರೆ ನನ್ನ ಮೇಲೆ ಬೀಳಬೇಕು. ನಾನು ಬಿದ್ದರೆ ಹಿಡಿಯಲು ಯಾರೂ ಇಲ್ಲ.

ಬೋಲ್ಟು ಬೆನ್ನನ್ನು ಮೂಸಿದಳು. ನನ್ನ ಹೆಗಲಾಚೆಗಿನ ಆಳವನ್ನು ನೋಡಿದಳು. ಕಾಲು ಬರಲಿಲ್ಲ.

ಅಷ್ಟರಲ್ಲಿ ಮೋಡ ಬಂತು. ಮೊದಲು ನನ್ನ ಪಾದ ಮಾಯವಾಯಿತು. ಆಮೇಲೆ ಹೊಲ, ಕೆರೆ, ಹದ್ದು, ಆಕಾಶ ಒಂದೊಂದಾಗಿ ಹೋದವು. ತಣ್ಣನೆಯ ಬಿಳುಪು ಕಿವಿಯೊಳಗೂ ತುಂಬಿದ ಹಾಗೆ ಸದ್ದೆಲ್ಲ ಅಡಗಿತು. ಪ್ರಪಂಚ ಎಂದರೆ ಈಗ ಎರಡು ಮೆಟ್ಟಿಲು, ಒಂದು ಬೆನ್ನು, ಒಂದು ನಾಯಿ, ಮತ್ತು ಮೇಲೆ ಅರ್ಧ ಅಳಿಸಿಹೋದ ಅಕ್ಕ. ಮುಗಿಯಿತು, ಇನ್ನು ಕಲ್ಲು ಒದ್ದೆಯಾಗುತ್ತದೆ, ಅಂದುಕೊಂಡೆ.

ಬೋಲ್ಟು ಮೂಗೆತ್ತಿ ಆ ಬಿಳುಪನ್ನು ಮೂಸಿದಳು. ನನ್ನ ಹೆಗಲಾಚೆ ನೋಡಲು ಈಗ ಏನೂ ಇರಲಿಲ್ಲ. ತಲೆ ತಗ್ಗಿಸಿದಳು. ಭಾವನ ಬೆನ್ನು ಕಂಡಿತು. ಒಂದು ಮುಂಗಾಲು ಅದರ ಮೇಲೆ ಬಂತು.

ಅಕ್ಕ ಉಸಿರು ಒಳಗೆಳೆದುಕೊಂಡದ್ದು ನನಗೆ ಕೇಳಿಸಿತು. ಇನ್ನೊಂದು ಕಾಲು. ಹಿಂಗಾಲುಗಳು, ಒಂದರ ಹಿಂದೆ ಒಂದು, ಬೀಳದೆ. ಭಾವನ ಬೆನ್ನಿನ ಮೇಲೆ ಅವಳು ಒಂದು ಕ್ಷಣ ನಿಂತಳು. ಅಲ್ಲಿಂದ ನನ್ನ ಕೈಗಳ ನಡುವೆ, ಕಲ್ಲಿನ ಮೇಲೆ, ಮೆತ್ತಗೆ ಇಳಿದಳು.

"ಹೋದಳಾ?" ಬಂಡೆಗೆ ಮುಖ ಒತ್ತಿದ್ದ ಭಾವ ಕೇಳಿದ.

"ಇಳಿದಳು."

"ಹಾಗಾದ್ರೆ ಎದ್ದೇಳ್ತೀನಿ. ಸೊಂಟ ಇದೆಯೋ ಇಲ್ವೋ ನೋಡಿ ಹೇಳು."

ಹೀಗೆ ಶುರುವಾಯಿತು. ಭಾವ ಎದ್ದು ಅವಳನ್ನು ದಾಟಿ ಕೆಳಗೆ ಬಂದು ಮತ್ತೆ ಬಗ್ಗುವುದು, ನಾನು ಇನ್ನೊಂದು ಮೆಟ್ಟಿಲು ಕೆಳಗೆ ಹೋಗುವುದು, ಅಕ್ಕ ಮೇಲಿನಿಂದ ಎದೆಪಟ್ಟಿಯ ಹಗ್ಗ ಸಡಿಲಿಸುವುದು. ಕೆಳಗೆ ಎಷ್ಟು ಉಳಿದಿದೆ ಎಂದು ಕಾಣುತ್ತಿರಲಿಲ್ಲ. ಅದೇ ಒಳ್ಳೆಯದಾಯಿತು, ಅವಳಿಗೆ ಮಾತ್ರ ಅಲ್ಲ. ಬೆಳಿಗ್ಗೆ ಹತ್ತುವಾಗ ಆ ಬಯಲಿನ ಕಡೆಗೆ ತಿರುಗದೆ ಕಣ್ಣು ಮೆಟ್ಟಿಲಿಗೇ ನೆಟ್ಟಿದ್ದ ನಾನು ಈಗ ಅದಕ್ಕೇ ಬೆನ್ನು ಕೊಟ್ಟು ಹಿಮ್ಮುಖವಾಗಿ ಇಳಿಯುತ್ತಿದ್ದೆ. ಕಾಲು ನಡುಗುತ್ತಿರಲಿಲ್ಲ. ಮೋಡವು ಅಷ್ಟು ದೊಡ್ಡ ಆಳವನ್ನು ಒಂದು ಬಟ್ಟೆಯಿಂದ ಮುಚ್ಚಿ, ಇಷ್ಟೇ ನೋಡಿ ಸಾಕು, ಎಂದ ಹಾಗಿತ್ತು. ಮಳೆ ಬೀಳಲಿಲ್ಲ. ಕಲ್ಲು ತಣ್ಣಗಾಯಿತೇ ಹೊರತು ಒದ್ದೆಯಾಗಲಿಲ್ಲ.

"ಇಷ್ಟು ವರ್ಷ ಲಿಫ್ಟ್ ರಿಪೇರಿ ಮಾಡಿದ್ರಿ," ಅಂದಳು ಅಕ್ಕ ಮೇಲಿನ ಬಿಳುಪಿನಿಂದ. "ಇವತ್ತು ನೀವೇ ಲಿಫ್ಟ್ ಆದ್ರಿ."

"ಓವರ್‌ಲೋಡ್ ಆಗಿದೆ. ನಡುವೆ ನಿಂತ್ಕೋಬೇಡ ಅಂತ ಹೇಳು ಅವಳಿಗೆ."

ಬೋಲ್ಟು ಹೇಳಿಸಿಕೊಳ್ಳುವ ಹಂತ ದಾಟಿದ್ದಳು. ಅವಳ ಹೆಜ್ಜೆಗೆ ಒಂದು ಲಯ ಬರುತ್ತಿತ್ತು. ಹತ್ತುವಾಗಿನ ಲಯವಲ್ಲ. ಇದು ನಿಧಾನ, ಕೇಳಿಕೊಂಡು ಇಡುವ ಹೆಜ್ಜೆ. ಭಾರ ಮುಂಗಾಲಿಗೆ ಹೋಗುತ್ತದೆ ಎನ್ನುವುದನ್ನು ಅವಳ ಹೆಗಲು ಕಂಡುಕೊಂಡಿತ್ತು. ಹಿಂಗಾಲು ಕೊನೆಯ ಗಳಿಗೆಯವರೆಗೆ ಮೇಲಿನ ಕಲ್ಲನ್ನು ಬಿಡಬಾರದು ಎನ್ನುವುದನ್ನೂ. ಯಾರೂ ಹೇಳಿಕೊಡದ ಅದನ್ನೆಲ್ಲ ಆ ಮೈ ಎಲ್ಲಿಂದ ತೆಗೆಯಿತೋ. ನನ್ನ ಮುಖದ ಮುಂದೆಯೇ, ಒಂದು ಅಡಿ ದೂರದಲ್ಲಿ, ಒಂದು ಪ್ರಾಣಿ ತನಗೆ ಗೊತ್ತಿಲ್ಲದ ಅರ್ಧ ಪ್ರಪಂಚವನ್ನು ಮೆಟ್ಟಿಲು ಮೆಟ್ಟಿಲಾಗಿ ಪತ್ತೆ ಮಾಡುತ್ತಿತ್ತು. ಎಲ್ಲೋ ಒಂದು ಕಡೆ ಭಾವ ಬಗ್ಗುವ ಮೊದಲೇ ಅವಳು ತಾನಾಗಿ ಇಳಿದುಬಿಟ್ಟಳು. ಭಾವ ಬಗ್ಗಿದವನು ಬಗ್ಗಿದಂತೆಯೇ ಉಳಿದ.

"ನನ್ನನ್ನ ಕೆಲಸದಿಂದ ತೆಗೆದ್ರಾ?" ಅಂದ.

ಪಟ್ಟಿ ಹಾಕಿದ ಆ ಕಾಲು ನೆಲ ಮುಟ್ಟಿದ ರೀತಿಯನ್ನೇ ಮೂವರೂ ನೋಡುತ್ತಿದ್ದೆವು. ಅದು ಬಾಗಿತು, ತಡೆಯಿತು, ನಿಂತಿತು.

ಮೆಟ್ಟಿಲು ಮುಗಿಯುವ ಹೊತ್ತಿಗೆ ಮೋಡದ ತಳ ಬಂತು. ಒಮ್ಮೆಲೇ ಬಣ್ಣ ಕಂಡಿತು. ಹುಲ್ಲಿನ ಇಳಿಜಾರು, ಮರಗಳ ತಲೆ, ಬಹಳ ದೂರದವರೆಗೆ ಬಿಸಿಲಲ್ಲಿ ಹೊಳೆಯುವ ಬಯಲು. ನಮ್ಮ ತಲೆಯ ಮೇಲೆ ಮೋಡ ಚಾವಣಿಯ ಹಾಗೆ ಚಪ್ಪಟೆಯಾಗಿ ನಿಂತಿತ್ತು. ನಾವು ಇಳಿದು ಬಂದ ಮೆಟ್ಟಿಲುಗಳು ಅದರೊಳಗೆ ಹೊಕ್ಕು ಕಾಣೆಯಾಗಿದ್ದವು. ಅಷ್ಟೊಂದು ಎತ್ತರದಿಂದ ಬಂದೆವೇ ಎಂದು ತಿರುಗಿ ನೋಡಲು ಎತ್ತರವೇ ಉಳಿದಿರಲಿಲ್ಲ.

ಭಾವ ಹುಲ್ಲಿನ ಮೇಲೆ ಅಂಗಾತ ಮಲಗಿದ. ಅವನ ಅಂಗಿಯ ಬೆನ್ನು ತುಂಬ ಉಗುರಿನ ಗೀರು, ಮಣ್ಣು. ಅಕ್ಕ ಬೋಲ್ಟುವಿನ ತೊಡೆಯನ್ನು ಮೇಲಿನಿಂದ ಕೆಳಗೆ ಒತ್ತಿದಳು, ಇನ್ನೊಂದು ತೊಡೆಯನ್ನೂ ಒತ್ತಿ ಹೋಲಿಸಿದಳು, ಅಂಗಾಲುಗಳನ್ನು ತಿರುಗಿಸಿ ನೋಡಿದಳು. ಆಮೇಲೆ ಬೋಲ್ಟುವಿನ ಹಣೆಗೆ ತನ್ನ ಹಣೆ ಒತ್ತಿ ಕೂತಳು. ಕೆಳಗೆ ಗೇಟಿನಿಂದ ಸೀಟಿ ಕೇಳಿಸಿತು.

"ಹೋಗೋಣ ಬಾ," ಎಂದು ಅಕ್ಕ ಎದ್ದು ಹಗ್ಗ ಎಳೆದಳು.

ಬೋಲ್ಟು ಬರಲಿಲ್ಲ. ತಿರುಗಿ, ನಾವು ಆಗಷ್ಟೇ ಬಿಟ್ಟುಬಂದ ಕೊನೆಯ ಮೆಟ್ಟಿಲುಗಳ ಕಡೆಗೆ ನಡೆದಳು. ಮೂರು ಹತ್ತಿದಳು. ಅಲ್ಲಿ ನಿಂತು ಕೆಳಗೆ ನೋಡಿದಳು. ಅವಳು ಮತ್ತೆ ಲಿಫ್ಟಿಗೆ ಹೊರಟಳು ಅಂದುಕೊಂಡೆ. ಆದರೆ ಅವಳು ಮೂರನ್ನೂ ಒಂದೊಂದಾಗಿ, ಯಾರ ಬೆನ್ನೂ ಇಲ್ಲದೆ, ಇಳಿದಳು. ಇಳಿದು, ತಿರುಗಿ, ಮತ್ತೆ ಹತ್ತಿದಳು. ಮತ್ತೆ ಇಳಿದಳು.

"ಇವಳಿಗೇನಾಯ್ತು?" ಅಂದಳು ಅಕ್ಕ.

ಭಾವ ಮಲಗಿದಲ್ಲಿಂದಲೇ ಕತ್ತು ಎತ್ತಿದ್ದ. "ಏನೂ ಆಗಿಲ್ಲ, ಬಿಡು. ರಿಪೇರಿ ಆದ್ಮೇಲೆ ನಾವೂ ಮೇಲೆ ಕೆಳಗೆ ಓಡಿಸಿ ನೋಡಲ್ವಾ? ನೋಡ್ಲಿ."

ಸೀಟಿ ಮತ್ತೆ ಕೇಳಿಸಿತು, ಈ ಸಲ ಉದ್ದಕ್ಕೆ. ಯಾರೂ ಹೊರಡಲಿಲ್ಲ. ಬೋಲ್ಟು ಇನ್ನೊಂದು ಸಲ ಹತ್ತಿ ಇಳಿದಳು. ಕೆಳಗೆ ಬಂದು ನಿಂತು ಮೈ ಕೊಡವಿದಳು. ಬಯಲಿನ ಕಡೆ ಮುಖ ಮಾಡಿ, ಜೋತ ಕಿವಿಯನ್ನೂ ಎತ್ತಿ, ಹುಲ್ಲಿನ ಇಳಿಜಾರನ್ನು ಅದು ಮುಗಿಯುವವರೆಗೂ ನೋಡಿದಳು. ಆಮೇಲೆ ಹೊರಟಳು. ಅಕ್ಕನ ಕೈಯಲ್ಲಿದ್ದ ಹಗ್ಗ ಬಿಗಿಯಿತು. ಅಕ್ಕ ಒಂದು ಹೆಜ್ಜೆ ತಡವರಿಸಿದಳು, ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳ ಹಿಂದೆ ಕೆಳಮುಖವಾಗಿ ಓಡಿದಳು.